ಓಟಿಪಿ ಬರುವ ಫೋನು

ಕೆ.ಆರ್. ಪುರ
ಭಾನುವಾರ

ಟ್ರಸ್ಟಿನ ಅಧ್ಯಕ್ಷರಾದ ಮುನಿಆಂಜನಪ್ಪನವರಿಗೆ ಮುನಿರಾಜನ ನಮಸ್ಕಾರ.

ನಾನು ನಿವೃತ್ತನಾಗಿ ವರ್ಷವಾದರೂ ನಮ್ಮ ಹಲಸೂರು ಗ್ರಂಥಾಲಯದ ಕ್ರೆಡಿಟ್ ಕಾರ್ಡಿಗೆ ನನ್ನ ಫೋನ್ ನಂಬರೇ ಇದೆ. ನಾನು ಕೆಲಸ ಕಲಿಸಿ ನನ್ನ ಕುರ್ಚಿಯಲ್ಲಿ ಕೂರಿಸಿದ ರಾಯಚೂರಿನ ಲಕ್ಷ್ಮಿದೇವಿ ಆನ್‌ಲೈನಿನಲ್ಲಿ ಪುಸ್ತಕ ಕೊಳ್ಳುವಾಗಲೆಲ್ಲ ಓಟಿಪಿ ನನಗೆ ಬರುತ್ತದೆ. ಆಕೆ ಫೋನ್ ಮಾಡಿ ಕೇಳಬೇಕು. ಪುಸ್ತಕದ ಹೆಸರು ಕೇಳದೆ ನಾನು ಕೊಟ್ಟವನಲ್ಲ. ನಂಬರ್ ಬದಲಿಸುವುದು ಬೇಡ ಎಂದು ಹಟ ಹಿಡಿದವನೂ ನಾನೇ.

ಮೊನ್ನೆ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿಯ ಪುಸ್ತಕ ಎಂದಳು. "ಅದನ್ನ ಯಾರಮ್ಮ ಓದ್ತಾರೆ?" ಎಂದು ಕೇಳಿದೆ.

"ಓದೋರು ನನ್ನ ಮುಂದೇ ನಿಂತಾರ್ರೀ ಸರ್. ಲಗೂ ನಂಬರ್ ಹೇಳ್ರಿ, ಟೈಮ್ ಮುಗೀತದ."

ಆಕೆಯ ಸುತ್ತ ಡೆಲಿವರಿ ಹುಡುಗರ ಗಲಾಟೆ ಕೇಳಿಸುತ್ತಿತ್ತು. ಫೋನ್ ಚಾರ್ಜ್ ಮಾಡಿಕೊಳ್ಳಲು ಒಳಗೆ ಬರುತ್ತಿದ್ದ ಅವರನ್ನು ನಾನು ಎಬ್ಬಿಸಿ ಕಳಿಸುತ್ತಿದ್ದೆ. ಈಕೆ ಅವರನ್ನೇ ಓದುಗರನ್ನಾಗಿ ಮಾಡಿದ್ದಾಳೆ. ಓಟಿಪಿ ಹೇಳಿ ಫೋನ್ ಇಟ್ಟವನು ಹೆಂಡತಿಯನ್ನು ಕರೆದು, "ನೋಡೇ, ಅವಳು ನಾನು ತಯಾರು ಮಾಡಿದ ಹುಡುಗಿ" ಎಂದೆ. ನಿಮಗೂ ಹೇಳುತ್ತಿದ್ದೇನೆ.

ಆದ್ದರಿಂದ ನಾಳೆಯೇ ಬ್ಯಾಂಕಿಗೆ ಹೋಗಿ ಕಾರ್ಡಿಗೆ ಆಕೆಯ ನಂಬರ್ ಹಾಕಿಸಿ. ಇನ್ನು ಆಕೆ ಯಾರನ್ನೂ ಕೇಳಬೇಕಾಗಿಲ್ಲ. ನನ್ನ ಸಹಿ ಬೇಕಾದರೆ ಬರುತ್ತೇನೆ.

ಹೊಸ ಪುಸ್ತಕ ತರಿಸಿದಾಗ ನನಗೊಂದು ಫೋನ್ ಮಾಡಬೇಕೆಂದು ಮಾತ್ರ ನೀವು ಆಕೆಗೆ ಹೇಳಕೂಡದು. ತಾನಾಗಿಯೇ ಮಾಡುತ್ತಾಳೆ, ನೋಡುತ್ತಿರಿ.

ಇಂತಿ,
ಮುನಿರಾಜ್
ನಿವೃತ್ತ ಗ್ರಂಥಪಾಲಕ