ಹೆಗಲು ಕೊಟ್ಟ ಹನ್ನೆರಡು ಮಂದಿ

ಲಂಡನ್ನಿನ ವೈದ್ಯ ಮಹಾಶಯರಿಗೆ,

ಐರಿಷ್ ದೈತ್ಯನೆಂದು ನಿಮ್ಮ ಜನ ಟಿಕೆಟು ಕೊಂಡು ನೋಡಿದ ಕಾರ್ಮಕ್ ನನ್ನ ತಮ್ಮ. ಅವನ ಎಲುಬುಗಳನ್ನು ಗಾಜಿನ ಕಪಾಟಿನಲ್ಲಿ ನಿಲ್ಲಿಸಲು ಮನೆತನದ ಒಪ್ಪಿಗೆ ಕೇಳಿದ್ದೀರಿ.

ನಮ್ಮಲ್ಲಿ ಶವಪೆಟ್ಟಿಗೆಗೆ ಹೆಗಲು ಕೊಡುವವರು ಸತ್ತವನ ಮನೆತನದ ಹೆಸರಿನ ನಾಲ್ವರೇ ಆಗಬೇಕು. ಈ ಪೆಟ್ಟಿಗೆ ನಮ್ಮ ನಾಲ್ವರು ಡೆವಾನಿಗಳಿಗೆ ಏಳಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮೊಡನೆ ಮಾತುಬಿಟ್ಟಿದ್ದ ನೆರೆಮನೆಯವ ಮರ್ಟಾ ಗಾಫ್ನಿ ಬೇಲಿ ದಾಟಿ ಬಂದ.

"ಇವತ್ತಿಂದ ನಾನೂ ಡೆವಾನಿನೇ ಕಣೇ ಬ್ರೈಡಿ. ನಿನ್ನ ತಮ್ಮ ಬದುಕಿದ್ದಾಗ ನನ್ನ ಬಾಗಿಲು ಮುರಿದ, ಈಗ ಹೆಗಲೂ ಮುರೀಲಿ ಬಿಡು!"

ಅವನ ಹಿಂದೆ ಇನ್ನೂ ಏಳು ಜನ ಡೆವಾನಿಗಳಾದರು.

ನನ್ನ ಒಪ್ಪಿಗೆಯಿಲ್ಲ. ಉಳಿದ ಹನ್ನೆರಡು ಮಂದಿಯನ್ನು ನೀವೇ ಬಂದು ಕೇಳಿ. ಸರದಿಯಂತೆ ಗೋರಿ ಕಾಯುತ್ತಿದ್ದಾರೆ. ಮಣ್ಣು ಮುಚ್ಚಿದ ಗುದ್ದಲಿಗಳು ಇನ್ನೂ ಕೈಯಲ್ಲೇ ಇವೆ.

ಕಾರ್ಮಕನ ಅಕ್ಕ,
ಬ್ರೈಡಿ ಡೆವಾನಿ