ಗಡಿಗೆಯ ಮೇಲಿನ ನಾಲ್ಕು ಬೆರಳು

ಸವೆಲುಗು,
ಜನವರಿ ೧೨

ತಂಗಿ ವುಂಪಿನಿ,

ನಿನಗೂ ಮಗುವಿಗೂ ಅಲ್ಲಾಹು ಒಳ್ಳೆಯದು ಮಾಡಲಿ. ಇಲ್ಲಿ ಎಲ್ಲರೂ ಕ್ಷೇಮ. ನಾನು ಮಾತ್ರ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಿದ್ದೇನೆ. ಇದನ್ನು ಮಗಳ ಕೈಲಿ ಬರೆಸಲಾಗುತ್ತದೆಯೇ? ಅದಕ್ಕೇ ನಾನೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಸೋಮವಾರ ನಿನ್ನ ತವರಿನಿಂದ ನಿನ್ನ ಚಿಕ್ಕಮ್ಮ ಬಂದರು. ನಾನು ಮುದ್ದೆ, ಬೆಂಡೆ ಸಾರು ಬಡಿಸುತ್ತಿದ್ದೆ. ನನ್ನ ಮುಖ ನೋಡದೆ ಅತ್ತೆಗೆ ಹೇಳಿದರು: "ಮಗೂಗೆ ಹಚ್ಚೋಕೆ ಈ ಮನೆ ಶಿಯಾ ಬೀಜದ ಬೆಣ್ಣೆ ಕಳಿಸ್ಬೇಕಂತೆ. ಆದ್ರೆ ದೊಡ್ಡ ಹೆಂಡ್ತಿ ಕೈಯಾರೆ ಮಾಡಿದ್ದು ಬೇಡ್ವಂತೆ. ವುಂಪಿನಿ ಅವ್ವ ಹೇಳಿ ಕಳಿಸಿದಾಳೆ." ಅಂಗಳದಲ್ಲಿ ಅಷ್ಟು ಜನ ಇದ್ದರು. ಒಬ್ಬರಾದರೂ "ಯಾಕೆ" ಅನ್ನಲಿಲ್ಲ.

ಯಾಕೆ ವುಂಪಿನಿ? ನನ್ನ ಮೂರು ಮಕ್ಕಳ ಮೈ ನನ್ನ ಬೆಣ್ಣೆಯಲ್ಲೇ ಬೆಳೆಯಿತು. ಸುಡು ಬಿಸಿಲಿಗೂ ಈ ಒಣ ಗಾಳಿಗೂ ಅವರ ತುಟಿ ಒಡೆದದ್ದು ಯಾರಾದರೂ ನೋಡಿದ್ದಾರೆಯೇ? ಹದಿನಾಲ್ಕು ವರ್ಷ ಈ ಓಣಿಯಲ್ಲಿ ಬೆಣ್ಣೆ ಎಂದರೆ ನನ್ನದೇ. ಬಾಣಂತಿಯರ ಹೊಟ್ಟೆಗೆ, ಕೂಸಿನ ನೆತ್ತಿಗೆ, ಸುಟ್ಟ ಗಾಯಕ್ಕೆ, ಎಲ್ಲದಕ್ಕೂ ನನ್ನ ಬಾಗಿಲಿಗೇ ಬರುತ್ತಿದ್ದರು.

ಆಮೇಲೆ ಈ ಮನೆಗೆ ಎರಡನೇ ಹೆಂಡತಿಯಾಗಿ ನೀನು ಬಂದೆ. ನೆನಪಿದೆಯಾ, ಮೊದಲ ವರ್ಷ ಎಲ್ಲರೂ ಸೇರಿ ಬೀಜದ ಹಿಟ್ಟು ನೀರಿನಲ್ಲಿ ಕಲೆಸಿ ಬೆಣ್ಣೆ ಬರಲೆಂದು ಬಡಿಯುತ್ತಿದ್ದೆವು. ನನ್ನ ರಟ್ಟೆ ಬಿದ್ದುಹೋದರೂ ಬೋಗುಣಿಯೊಳಗಿನದು ಕಂದು ಬಣ್ಣದಲ್ಲೇ ಇತ್ತು. ನೀನು ಕೈ ಇಟ್ಟೆ, ಒಂದು ಚೊಂಬು ತಣ್ಣೀರು ಕೇಳಿದೆ, ನಾಲ್ಕು ಸುತ್ತು ತಿರುಗಿಸಿದೆ. ಬೆಳ್ಳಗೆ ಉಬ್ಬಿ ಬಂತು. "ಕೈಗುಣ ಅಂದ್ರೆ ಇದು ಕಣ್ರೇ!" ಅಂದಳು ಪಕ್ಕದ ಮನೆ ಅಜಾರಾ. ನನ್ನ ಕೈ ಇನ್ನೂ ಮೊಣಕೈತನಕ ಅದರೊಳಗೇ ಇತ್ತು.

ಅವತ್ತಿನಿಂದ ಅತ್ತೆಯ ಹಿಮ್ಮಡಿಗೆ ನಿನ್ನ ಬೆಣ್ಣೆ. "ನಿಂದೂ ಚೆನ್ನಾಗೇ ಇದೆ ಕಣೇ ಲಮಿಹಿ, ಆದ್ರೆ ಅವಳದು ಹಚ್ಕೊಂಡ್ರೆ ಬಿರುಕು ಬೇಗ ಕೂಡ್ಕೊಳ್ಳುತ್ತೆ" ಅನ್ನುತ್ತಾರೆ, ಸಮಾಧಾನ ಮಾಡುವವರ ಹಾಗೆ. ಯಜಮಾನರಂತೂ ಕ್ಷೌರ ಮಾಡಿಸಿಕೊಂಡು ಬಂದರೆ ಬೋಳು ತಲೆಗೆ ನಿನ್ನದನ್ನೇ ಸವರಿಕೊಳ್ಳುತ್ತಾರೆ. ಆ ತಲೆ ಬಿಸಿಲಿಗೆ ಹೊಳೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಹೋದ ಮಳೆಗಾಲದ ಮಾತು ನಿನ್ನ ಅವ್ವನ ಮನಸ್ಸಿನಲ್ಲಿರಬೇಕು. ನೀನು ತೆಗೆದ ಬೆಣ್ಣೆ ಕಹಿಯಾಗಿ, ನಾತ ಹೊಡೆದು, ಓಣಿಯ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡು ನಕ್ಕರಲ್ಲ, ಅದು. ಬಸುರಿ ನೀನು, ಅತ್ತುಕೊಂಡೇ ತವರಿಗೆ ಹೋದೆ. ಬೀಜ ಕೊಟ್ಟವಳು ನಾನು ನಿಜ. ಆದರೆ ಆರಿಸಿ ತಂದದ್ದನ್ನು ಬೇಗ ಬೇಯಿಸದಿದ್ದರೆ ಮೊಳಕೆ ಬರುತ್ತದೆ, ಮೊಳಕೆ ಬಂದದ್ದರಲ್ಲಿ ಬೆಣ್ಣೆ ಕೆಡುತ್ತದೆ. ಅಷ್ಟು ದೊಡ್ಡ ರಾಶಿಯಲ್ಲಿ ಯಾವುದು ಮೊಳೆತಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಅತ್ತೆ ನಿನ್ನ ಹಳೆಯ ಗಡಿಗೆ ತೆಗೆಸಿದ್ದಾರೆ. ಅದಕ್ಕೂ ಹಿಂದಿನ ವರ್ಷದ್ದು, ಇನ್ನೂ ಘಮ್ಮೆನ್ನುತ್ತಿದೆ. ಬೇರೆ ಗಡಿಗೆಗೆ ತುಂಬಿ ಬಟ್ಟೆ ಕಟ್ಟಿಕೊಡು ಎಂದು ನನಗೇ ಹೇಳಿದರು. ಕಟ್ಟಿದ್ದೇನೆ. ಚಿಕ್ಕಮ್ಮನ ಕೈಲಿ ಕಳಿಸುತ್ತಿದ್ದೇನೆ. ಮಗು ಯಾರ ಹಾಗಿದೆ ಎಂದು ಯಾರೂ ನನಗೆ ಹೇಳಿಲ್ಲ.

ನಿನ್ನ ಅಕ್ಕ,
ಲಮಿಹಿ

ಮತ್ತೆ: ಬರೆಯುವುದು ಮರೆತಿದ್ದೆ ಎನ್ನೋಣವೆಂದಿದ್ದೆ. ಮರೆತಿರಲಿಲ್ಲ. ಆ ಬೀಜದ ಮೊಳಕೆ ನಾನು ಕಂಡಿದ್ದೆ. ನಿನಗೆ ತಿಳಿಯಬಾರದೆಂದು ಒಂದೊಂದು ಮೊಳಕೆಯನ್ನೂ ಉಗುರಿನಲ್ಲಿ ಚಿವುಟಿ ಹಾಕಿ, ಆಮೇಲೆ ಬೇಯಿಸಿ ಒಣಗಿಸಿ ಬುಟ್ಟಿಯನ್ನು ನಿನ್ನ ಮುಂದಿಟ್ಟೆ. ಗಡಿಗೆಯಲ್ಲಿ ಕೆಳಗಿನದೆಲ್ಲ ನಿನ್ನದು. ಮೇಲಿನ ನಾಲ್ಕು ಬೆರಳು ನನ್ನದು, ಈ ವಾರ ಒಬ್ಬಳೇ ಕೂತು ಬಡಿದದ್ದು, ಒಂದೂ ಕೆಟ್ಟ ಬೀಜ ಇಲ್ಲ. ನಡುವೆ ಎಲೆ ಹಾಕಿದ್ದೇನೆ, ಬೇಡವಾದರೆ ಎತ್ತಲು ಸುಲಭ. ಮಗುವಿಗೆ ಹಚ್ಚು ಎಂದು ಕೇಳುವ ಮುಖ ನನಗಿಲ್ಲ. ಆದರೆ ಚೆಲ್ಲಬೇಡ. ಈ ಗಾಳಿಗೆ ನಿನ್ನ ಹಿಮ್ಮಡಿ ಬಿರಿದಿರುತ್ತದೆ, ಅದಕ್ಕಾದರೂ ಹಚ್ಚಿಕೋ.