ಮೂವತ್ತರ ಗಂಡಸಿನ ಮುಖ ಹೊತ್ತ ನನ್ನ ಅಕ್ಕ

ತಲೆಬುರುಡೆಗಳಿಗೆ ಮುಖ ಕೊಡಿಸುವ ಕಚೇರಿಯ ಮುಖ್ಯಾಧಿಕಾರಿಗಳೇ,

ಹೊಳಲೂರಿನ ಬಳಿ ಕಾಲುವೆಯಲ್ಲಿ ಸಿಕ್ಕ ಬುರುಡೆ ಮೂವತ್ತು ವರ್ಷದ ಗಂಡಸಿನದು ಎಂದು ನೀವು ಸಹಿ ಹಾಕಿದಿರಿ. ಅದು ನನ್ನ ಅಕ್ಕ ಉಮಾಮಹೇಶ್ವರಿಯದು. ಅವಳಿಗೆ ಅರವತ್ತೊಂದು ವರ್ಷ. ನಿಮ್ಮ ಸಹಿಯಿಂದ ಅವಳನ್ನು ಕೊಂದವನಿಗೆ ನಾಲ್ಕು ತಿಂಗಳ ಬಿಡುವು ಸಿಕ್ಕಿತು.

ನಾನು ಭದ್ರಾವತಿಯಲ್ಲಿ ಗಣಪತಿ ಮೂರ್ತಿ ಮಾಡುವವನು. ನಿಮ್ಮಲ್ಲಿ ಮುಖ ತಿದ್ದುವವರಿಲ್ಲವೆಂದು ಬುರುಡೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ನನ್ನ ಶೆಡ್ಡಿಗೆ ಕಳಿಸಿದಿರಿ. ಜೊತೆಗೆ ಮೂವತ್ತರ ಗಂಡಸಿನ ಲೆಕ್ಕದ ಒಂದು ಪಟ್ಟಿ: ಹುಬ್ಬಿನ ಮೇಲೆ ಇಷ್ಟು ಮಿಲಿಮೀಟರ್ ಮಾಂಸ, ತುಟಿಗೆ ಇಷ್ಟು, ಗದ್ದಕ್ಕೆ ಇಷ್ಟು. ಅದರಂತೆ ರಬ್ಬರಿನ ತುಂಡು ಕತ್ತರಿಸಿ ಅಂಟಿಸಿ, ಆ ಮಟ್ಟಕ್ಕೆ ಮಣ್ಣು ತುಂಬತೊಡಗಿದೆ. ಹುಬ್ಬಿನ ಮೂಳೆ ನುಣುಪಾಗಿದೆ, ಹಲ್ಲು ಸವೆದಿವೆ, ವಯಸ್ಸಾದ ಹೆಂಗಸಿರಬಹುದು ಎಂದು ಫೋನ್ ಮಾಡಿ ಹೇಳಿದೆ. "ನೀವು ಗೌರಿ-ಗಣಪತಿ ಮಾಡ್ಕೊಂಡಿರಿ. ಪಟ್ಟೀಲಿ ಇದ್ದಷ್ಟು ಮೆತ್ತಿ, ಸಾಕು" ಎಂದಿರಿ. ಆಹಾ, ಎಂಥ ಪಾಂಡಿತ್ಯ! ಗಂಡಸಿಗೂ ಹೆಂಗಸಿಗೂ ಮುಖದ ಮಾಂಸ ಒಂದೇ ದಪ್ಪವೇ? ಅರವತ್ತು ದಾಟಿದ ತುಟಿ ಮೂವತ್ತರ ತುಟಿಯಷ್ಟು ತುಂಬಿರುತ್ತದೆಯೇ? ನಿಮ್ಮ ಮನೆಯಲ್ಲಿ ತಾಯಿ ಇಲ್ಲವೇ ಸ್ವಾಮಿ, ಒಮ್ಮೆಯಾದರೂ ಅವರ ಕೆನ್ನೆ ಮುಟ್ಟಿ ನೋಡಿಲ್ಲವೇ?

ಹಿಂದಲೆಯಲ್ಲಿ ಅಂಗೈಯಗಲದ ತೂತಿತ್ತು. ಮೂಳೆ ಒಳಕ್ಕೆ ಕುಸಿದು ಚೂರಾಗಿತ್ತು. ಮೂರು ಏಟಾದರೂ ಬಿದ್ದಿರಬೇಕು. ಅದಕ್ಕೆ ಮೇಣ ತುಂಬಿ ಹೆಬ್ಬೆರಳಲ್ಲಿ ಒತ್ತಿದ್ದು ನಾನು. ಅಕ್ಕ ಕಾಣೆಯಾಗಿದ್ದಾಳೆಂದು ಅದೇ ವಾರ ಠಾಣೆಗೆ ದೂರು ಕೊಟ್ಟವನೂ ನಾನೇ.

ಅವಳ ಗಂಡ ದೇವರಾಜ್ ರಾಗಿಗುಡ್ಡದ ತನ್ನ ಮನೆಯಿಂದ ನನ್ನ ಶೆಡ್ಡಿಗೆ ಬಂದ. ಎರಡು ತಿಂಗಳ ಹಿಂದೆ ಯಾತ್ರೆಗೆ ಹೋದವಳು ಮರಳಲಿಲ್ಲ ಎಂದು ಎಲ್ಲರ ಮುಂದೆ ಅತ್ತಿದ್ದವನು. ಮುಗಿದ ಮುಖವನ್ನು ಸುತ್ತ ತಿರುಗಿ ನೋಡಿ, "ಪಾಪ, ಯಾರ ಮನೆ ಹುಡುಗನೋ ಮಾರಾಯ" ಅಂದ. ನಾನು ಅವನಿಗೆ ಕಾಫಿ ಕೊಟ್ಟೆ. ನೀವು ಆ ಮುಖದ ಪೋಸ್ಟರನ್ನು ಬಸ್ ಸ್ಟ್ಯಾಂಡುಗಳಲ್ಲಿ ಅಂಟಿಸಿ, ಇಲ್ಲದ ಗಂಡಸನ್ನು ಹುಡುಕುತ್ತ ಕೂತಿರಿ. ಕಳೆದ ತಿಂಗಳು ಕಾಲುವೆಯ ಕೆಸರಲ್ಲಿ ಉಳಿದ ಮೂಳೆಗಳ ಜೊತೆ ಕಾಲುಂಗುರ ಸಿಕ್ಕಿತು. ಗಂಡಸರು ಕಾಲುಂಗುರ ಹಾಕುವುದಿಲ್ಲವೆಂಬುದಾದರೂ ನಿಮಗೆ ತಿಳಿದಿತ್ತಲ್ಲ, ದೊಡ್ಡ ಉಪಕಾರ. ಆಮೇಲೆ ನನ್ನ ರಕ್ತ ತೆಗೆದು ತಾಳೆ ನೋಡಿದಿರಿ. ದೇವರಾಜನ ಗ್ಯಾರೇಜಿನ ಕಬ್ಬಿಣದ ರಾಡಿನಲ್ಲಿ ಅಕ್ಕನ ಕೂದಲು ಸಿಕ್ಕಿದೆ. ಅವನು ಮಾತ್ರ ಸಿಕ್ಕಿಲ್ಲ. ನನ್ನ ಕೈಗೆ ಸಿಕ್ಕರೆ ಅಂಥದೇ ರಾಡಿನಿಂದ ಅವನ ತಲೆ ಒಡೆಯುತ್ತೇನೆ. ಇದನ್ನು ಬೆದರಿಕೆ ಎಂದು ಬರೆದುಕೊಳ್ಳಿ, ಸಹಿ ಹಾಕುವುದರಲ್ಲಿ ನೀವು ನಿಸ್ಸೀಮರು.

ಆ ವರದಿಗೆ ಸಹಿ ಹಾಕಿದ್ದೇಕೆಂದು ನ್ಯಾಯಾಲಯದಲ್ಲಿ ನಿಂತು ಹೇಳಿ. ಪೋಸ್ಟರುಗಳನ್ನು ನೀವೇ ಬಂದು ಕಿತ್ತು, ಅಲ್ಲಿ ದೇವರಾಜನ ಮುಖ ಅಂಟಿಸಿ. ಅದಕ್ಕೆ ಯಾವ ಪಟ್ಟಿಯೂ ಬೇಡ, ಫೋಟೊ ಇದೆ. ಸಾಕ್ಷಿಯೆಂದು ನಿಮ್ಮ ಬೀರುವಿನಲ್ಲಿಟ್ಟಿರುವ ಅಕ್ಕನ ತಲೆಯ ಮೇಲೆ ಆ ಮಣ್ಣು ಇನ್ನೂ ಹಾಗೇ ಇದೆಯಂತೆ. ಅದನ್ನು ನನ್ನ ಕೈಯಿಂದಲೇ ತೆಗೆಸಿ. ಮೆತ್ತಿದವನು ನಾನು.

ಇಂತಿ,
ಒಡಹುಟ್ಟಿದವಳ ಮುಖವನ್ನು ತಾನೇ ಮುಚ್ಚಿದ ತಮ್ಮ,
ಉಜ್ಜನಪ್ಪ
ಜನ್ನಾಪುರ, ಭದ್ರಾವತಿ